ಹಳೇ ಓಮ್ನಿ ಜೊತೆ ದಪ್ಪ ಬಿಲ್ ಫೈಲ್ ಕೊಟ್ಟರೆ, ಮೊದಲು ಬಿಲ್ ನಂಬರ್ ನೋಡಿ

ಕೊಡಗಿನಲ್ಲಿ ಹಳೇ ಓಮ್ನಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ, ಹೇಳುವುದು ಸ್ವಲ್ಪ ಹಿಂದೆ ಮುಂದೆ ಆಗಬಹುದು.

ಗಾಡಿ 2009ರ ಮಾಡೆಲ್, ಕೆಎ-12 ನಂಬರ್. 15 ವರ್ಷ ಮುಗಿದ ಮೇಲೆ ಮತ್ತೆ 5 ವರ್ಷಕ್ಕೆ ರಿನೀವಲ್ ಆಗಿತ್ತು. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ಸರಿ. ಎಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿದೆ. ನನಗೆ ಬೇಕಿದ್ದದ್ದು ಕುಶಾಲನಗರದಿಂದ ಸುಂಟಿಕೊಪ್ಪದ ಅಂಗಡಿಗೆ ಸಾಮಾನು ತರಲು ಒಂದು ಗಾಡಿ, ಅಷ್ಟೇ. ಈ ವಯಸ್ಸಿನ ಓಮ್ನಿಗೆ ಏನು ರೇಟ್ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಗಾಡಿ ಮಾರಿದವನು ಅದಕ್ಕಿಂತ 15,000 ಜಾಸ್ತಿ ಹೇಳಿದ. ಯಾಕೆ? ಫೈಲ್ ಇದೆ ಅಂತ.

"ಅಣ್ಣಾ, ಇಷ್ಟು ಹಳೇ ಗಾಡಿಗೆ ಯಾರು ಬಿಲ್ ಇಟ್ಟಿರ್ತಾರೆ ಹೇಳಿ? ನಾನು ಆಯಿಲ್ ಚೇಂಜಿಂದ ಹಿಡಿದು ಎಲ್ಲಾ ಇಟ್ಟಿದ್ದೀನಿ. ಎಂಜಿನ್ ಫುಲ್ ಕೆಲಸ ಆಗಿದೆ. ಬೋರ್ ಮಾಡಿಸಿ ಪಾಯಿಂಟ್ ಐವತ್ತು ಪಿಸ್ಟನ್ ಹಾಕಿಸಿದ್ದೀನಿ" ಅಂದ. ಅಂದರೆ ಸವೆದ ಸಿಲಿಂಡರನ್ನು ಅರ್ಧ ಮಿ.ಮೀ. ಅಗಲ ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಿಸಿದ್ದೇನೆ ಅಂತ. ಪ್ಲಾಸ್ಟಿಕ್ ಫೈಲು, ಒಂದೊಂದು ಬಿಲ್ಲಿಗೆ ಒಂದೊಂದು ಕವರ್. ನಮ್ಮ ಅಂಗಡಿ ಲೆಕ್ಕ ಕೂಡ ಅಷ್ಟು ಚೆಂದ ಇಲ್ಲ. ನಾನು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. ಕೇಳಿದ್ದಕ್ಕೆ "ಈಗಷ್ಟೇ ಪೇಟೆಗೆ ಹೋಗಿ ಬಂದೆ" ಅಂದ. ಆಯಿಲ್ ಹೊಸದು, ಕೂಲೆಂಟ್ ಹೊಸದು. ಹೊಸದಾಗಿ ಇರಲೇಬೇಕಲ್ವಾ, ಹಳೇದರಲ್ಲಿ ಗುಟ್ಟು ಗೊತ್ತಾಗುತ್ತಿತ್ತು!

ಗಾಡಿ ತಗೊಂಡ ಮೇಲೆ ಮೊದಲ ಮಳೆಗಾಲ ಮುಗಿಯುವ ಮೊದಲೇ ಆನೆಕಾಡು ದಾಟಿ ಏರು ಹತ್ತುವಾಗ ಬಿಸಿ ಮುಳ್ಳು ಮೇಲಕ್ಕೆ ಹೋಯಿತು. ಓಮ್ನಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ, ಕೂತವರಿಗೇ ಬಿಸಿ ಮೊದಲು ಗೊತ್ತಾಗುತ್ತದೆ. ಹಿಂದೆ ಬಿಳಿ ಹೊಗೆ. ಎಳೆಸಿಕೊಂಡು ಗ್ಯಾರೇಜಿಗೆ ಹಾಕಿದೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಹಾಲು ಹಾಕಿದ ಕಾಫಿ ಬಣ್ಣ. ಮಳೆಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸಿದರೂ ಕ್ಯಾಪಿನಲ್ಲಿ ಸ್ವಲ್ಪ ಹಾಗೆ ಕಟ್ಟುತ್ತದೆ, ಆದರೆ ಇಲ್ಲಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲೂ ಅದೇ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿ ನೀರು ಆಯಿಲಿಗೆ ಸೇರಿತ್ತು.

ಇರಲಿ, ಹಳೇ ಗಾಡಿ, ಗ್ಯಾಸ್ಕೆಟ್ ಹೋಗುವುದುಂಟು ಅಂದುಕೊಂಡೆ. ಹೆಡ್ ಇಳಿಸಿದ ಮೇಲೆ ಮೇಸ್ತ್ರಿ ನನ್ನನ್ನು ಕರೆದರು. ಪಿಸ್ಟನ್ ತಲೆ ಮೇಲಿನ ಮಸಿ ಉಜ್ಜಿ ತೋರಿಸಿದರು. ಓವರ್‌ಸೈಜ್ ಪಿಸ್ಟನ್ ಆದರೆ ಅಲ್ಲಿ ಸೈಜ್ ಹೊಡೆದಿರುತ್ತದಂತೆ. ಇದರಲ್ಲಿ ಇಲ್ಲ. ಈ 796 ಸಿಸಿ ಎಂಜಿನ್ನಿನ ಕಂಪನಿ ಬೋರ್ 68.5 ಮಿ.ಮೀ. ಅರ್ಧ ಮಿ.ಮೀ. ಬೋರ್ ಮಾಡಿದ್ದರೆ 69 ಇರಬೇಕು. ಗೇಜ್ ಹಾಕಿದರೆ ಕಂಪನಿ ಅಳತೆ, ಅದರ ಮೇಲೆ ಸವೆತ. ಈ ಎಂಜಿನ್ನನ್ನು ಯಾರೂ ಯಾವತ್ತೂ ಬೋರ್ ಮಾಡೇ ಇಲ್ಲ!

"ಲೇತಿನ ಬಿಲ್ ಎಲ್ಲಿ?" ಅಂತ ಕೇಳಿದರು ಮೇಸ್ತ್ರಿ. ಫೈಲ್ ಕೊಟ್ಟೆ. ಲೇತಿನ ಬಿಲ್ ಇಲ್ಲ. ಬೋರಿಂಗ್ ಮಾಡುವುದು ಲೇತಿನವರು, ಅವರ ಬಿಲ್ಲೇ ಇಲ್ಲ. ಅವರು ಹಾಳೆ ತಿರುಗಿಸುತ್ತಾ ನಗಲು ಶುರು ಮಾಡಿದರು. ಎಲ್ಲ ಒಂದೇ ಗ್ಯಾರೇಜಿನ ಬಿಲ್, ನಂಬರ್ 41, 42, 43, 44, ಹೀಗೆ ಸಾಲಾಗಿ. ತಾರೀಖು ಮಾತ್ರ 2016ರಿಂದ 2021ರವರೆಗೆ! ಐದು ವರ್ಷ ಆ ಗ್ಯಾರೇಜಿಗೆ ಈ ಒಂದೇ ಗಾಡಿ ಬಂದಿತ್ತಾ? 2016ರ ಬಿಲ್ಲಿನ ತಲೆ ಮೇಲೆ ಜಿಎಸ್‌ಟಿ ನಂಬರ್ ಪ್ರಿಂಟ್ ಆಗಿದೆ. ಜಿಎಸ್‌ಟಿ ಬಂದಿದ್ದೇ 2017ರ ಜುಲೈ 1ಕ್ಕೆ. ಮುಖ್ಯವಾದ ಬಿಲ್ಲು, ಅದೇ ಎಂಜಿನ್ ಕೆಲಸದ್ದು, 2018ರ ಆಗಸ್ಟ್ 20. ಅದರಲ್ಲಿ "ಮಂಗಳೂರಿಂದ ಸಾಮಾನು ತರಿಸಿದ ಖರ್ಚು" ಅಂತ ಬೇರೆ. ಆ ವಾರ ಜೋಡುಪಾಲದಲ್ಲಿ ಗುಡ್ಡ ಕುಸಿದು, ಮಂಗಳೂರಿಂದ ಬರುವ ಸಂಪಾಜೆ ರಸ್ತೆ ಬಂದ್ ಆಗಿತ್ತು. ಕೊಡಗಿನವರಿಗೆ ಆ ತಾರೀಖು ಮರೆಯುತ್ತದಾ? ನಾವು ಮನೆ ಮಠ ಕಳೆದುಕೊಂಡವರಿಗೆ ಅಕ್ಕಿ ಹೊರುತ್ತಿದ್ದೆವು, ಇವನಿಗೆ ಮಂಗಳೂರಿಂದ ಪಿಸ್ಟನ್ ಬಂತಂತೆ.

ಗ್ಯಾರೇಜಿನ ಹುಡುಗರೂ ನಗುತ್ತಿದ್ದರು. ಎಲ್ಲಿ ಮುಖ ಇಡಲಿ ಅಂತ ಗೊತ್ತಾಗಲಿಲ್ಲ.

ಅಲ್ಲಿಂದಲೇ ಗಾಡಿ ಮಾರಿದವನಿಗೆ ಫೋನ್ ಮಾಡಿದೆ. ಮೊದಲು "ಹಳೇ ಗಾಡಿ ಅಲ್ವಾ ಅಣ್ಣಾ, ಕೊಡುವಾಗ ಚೆನ್ನಾಗೇ ಇತ್ತು" ಅಂದ. ಬಿಲ್ಲಿನ ವಿಷಯ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬಿಲ್ ನೋಡಿ ಗಾಡಿ ತಗೊಂಡ್ರಾ, ಗಾಡಿ ನೋಡಿ ತಗೊಂಡ್ರಾ?" ಅಂದ. ಬಿಲ್ಲಿಗೇ ದುಡ್ಡು ಜಾಸ್ತಿ ಇಸ್ಕೊಂಡವನು! ಮತ್ತೆ ಫೋನ್ ಎತ್ತಲಿಲ್ಲ. ಬಿಲ್ ಬರೆದ ಗ್ಯಾರೇಜಿಗೇ ಹೋದೆ. ಆ ಮನುಷ್ಯನಿಗೆ ನಾಚಿಕೆಯೂ ಇಲ್ಲ. "ಹಳೇ ಬಿಲ್ ಕಳೆದುಹೋಗಿದೆ ಅಂದ್ರು, ಪರಿಚಯದವರು, ಒಟ್ಟಿಗೆ ಬರೆದು ಕೊಟ್ಟೆ. ಕೆಲಸ ನಾನೇ ಮಾಡಿದ್ದು ಅಂತ ನಿಮಗೆ ಹೇಳಿದ್ನಾ?" ಅಂತ ಕೇಳಿದ. ಬಿಲ್ಲಿನಲ್ಲಿ ಸಹಿ ಅವನದೇ!

ಹೆಡ್ ಬಾಗಿತ್ತು, ಅದನ್ನು ಸಮ ಮಾಡುವ ಫೇಸಿಂಗ್, ಬೋರಿಂಗ್, ಪಿಸ್ಟನ್, ರಿಂಗ್, ಟೈಮಿಂಗ್ ಬೆಲ್ಟ್, ಎಲ್ಲ ಈಗ ನಾನು ಮಾಡಿಸಬೇಕಾಯಿತು. ಈ ಸಲ ಲೇತಿನ ಬಿಲ್ ಬೇರೆ, ಸ್ಪೇರ್ ಅಂಗಡಿ ಬಿಲ್ ಬೇರೆ, ಕೂಲಿ ಬಿಲ್ ಬೇರೆ ಇಸ್ಕೊಂಡೆ. ಎಲ್ಲದರಲ್ಲೂ ಗಾಡಿ ನಂಬರ್, ಕಿಲೋಮೀಟರ್ ಬರೆಸಿದೆ. ಹಳೇ ಪಿಸ್ಟನ್ನನ್ನೂ ತಂದು ಇಟ್ಟಿದ್ದೇನೆ.

ನೀವು ಹೋದರೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ತಣ್ಣಗಿರುವಾಗಲೇ ನೋಡಿ. ಫೈಲ್ ಕೊಟ್ಟರೆ ಕೆಲಸದ ಹೆಸರು ಓದಬೇಡಿ, ಬಿಲ್ ನಂಬರನ್ನೂ ತಾರೀಖನ್ನೂ ಒಟ್ಟಿಗೆ ಓದಿ. ಬೋರಿಂಗ್ ಆಗಿದೆ ಅಂದವರ ಹತ್ತಿರ ಲೇತ್ ಎಲ್ಲಿ ಅಂತ ಕೇಳಿ, ಅಲ್ಲಿಗೇ ಫೋನ್ ಹಚ್ಚಿ. ನಿಮ್ಮ ಮೇಸ್ತ್ರಿಯನ್ನು ಕರ್ಕೊಂಡು ಹೋಗಿ, ಮಾರುವವನ ಮೇಸ್ತ್ರಿಯನ್ನಲ್ಲ.

ನನಗೆ ಗಾಡಿ ಮಾರಿದವನು ಈಗ ಗೋಣಿಕೊಪ್ಪ ಕಡೆ ಇನ್ನೊಂದು ಓಮ್ನಿ ಮಾರಾಟಕ್ಕೆ ಇಟ್ಟಿದ್ದಾನೆ ಅಂತ ಸುದ್ದಿ. ಬಿಳಿ ಗಾಡಿ, "ಎಂಜಿನ್ ಫುಲ್ ಕೆಲಸ, ಬಿಲ್ ಇದೆ" ಅಂತ ಹೇಳುತ್ತಿದ್ದಾನಂತೆ. ನೋಡಲು ಹೋಗುವವರು ನನ್ನನ್ನು ಕೇಳಿ, ಈ ಫೈಲಿನ ಫೋಟೋ ಕಳಿಸುತ್ತೇನೆ. ಬಿಲ್ ನಂಬರ್ 50ರ ಮೇಲಿಂದ ಶುರುವಾಗಿದ್ದರೆ ಅದೇ ಪುಸ್ತಕ.