ಹಾಡಹಗಲಲ್ಲಿ ನಡೆಯುವ ಓರ್ಲಾಕ್: ‘ನೊಸ್ಫೆರಾತು’ವಿನ ಮೂರು ಪ್ರತಿಗಳು

ಮುರ್ನೌ ನಿರ್ದೇಶನದ ‘ನೊಸ್ಫೆರಾತು’ (1922) ಎಂಬ ರಕ್ತಪಿಶಾಚಿಯ ಮೂಕಿಚಿತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು ಎನ್ನುವವರಿಗೆ ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯ ಮುರ್ನೌ ಪ್ರತಿಷ್ಠಾನಕ್ಕಾಗಿ ಲೂಸಿಯಾನೊ ಬೆರ್ರಿಯಾತುವಾ ಪುನರುದ್ಧಾರ ಮಾಡಿದ, ಬಣ್ಣದ ಛಾಯೆಗಳುಳ್ಳ ಪ್ರತಿಯ ಬ್ಲೂ-ರೇ ಕೊಳ್ಳಿ. ಅದಕ್ಕೂ ಮುಂಚೆ ನಾನು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಕಪ್ಪು-ಬಿಳುಪು ಪ್ರತಿಯನ್ನು ನೋಡಿದ್ದೆ. ಆಮೇಲೆ ಹೊದಿಕೆಯ ಮೇಲೆ ‘ಪುನರುದ್ಧಾರಗೊಂಡ ಪ್ರತಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಅಗ್ಗದ ಡಿವಿಡಿಯೊಂದನ್ನು ತರಿಸಿದೆ. ಹಾಕಿ ನೋಡಿದರೆ ಅದೂ ಪುಕ್ಕಟೆ ಪ್ರತಿಯೇ, ಗೀರುಗಳು ಸ್ವಲ್ಪ ಕಡಿಮೆ, ಅಷ್ಟೇ. ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಆ ಸಿಟ್ಟಿನಲ್ಲೇ ಮೂರನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದ್ದು.

ಒಂದೇ ಚಿತ್ರಕ್ಕೆ ಇಷ್ಟು ಪ್ರತಿಗಳು ಹುಟ್ಟಿದ್ದಕ್ಕೆ ಕಾರಣವಿದೆ. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ (1897) ಕಾದಂಬರಿಯ ಹಕ್ಕು ಪಡೆಯದೆ, ಹೆಸರುಗಳನ್ನು ಬದಲಿಸಿ ಪ್ರಾನಾ ಫಿಲ್ಮ್ ಸಂಸ್ಥೆ ಈ ಚಿತ್ರವನ್ನು ತೆಗೆಯಿತು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಕೋರ್ಟು ಮೆಟ್ಟಿಲೇರಿದರು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ಜರ್ಮನ್ ನ್ಯಾಯಾಲಯ ಆದೇಶಿಸಿತು. ಆ ಹೊತ್ತಿಗೆ ಕೆಲವು ಪ್ರತಿಗಳು ಗಡಿ ದಾಟಿದ್ದವು. ಹಾಗೆ ಬಚಾವಾದವುಗಳಿಂದ ನಕಲು, ಆ ನಕಲಿನಿಂದ ಇನ್ನೊಂದು ನಕಲು ಎಂದು ತಲೆಮಾರುಗಟ್ಟಲೆ ಸಾಗಿ ಬಂದದ್ದೇ ಇಂದು ಪುಕ್ಕಟೆ ಸಿಗುತ್ತಿರುವುದು.

ಅಗ್ಗದ ಪ್ರತಿಗಳಲ್ಲಿ ನನಗೆ ಸಹಿಸಲಾಗದ ಒಂದು ಸಂಗತಿಯಿದೆ: ಅವುಗಳಲ್ಲಿ ರಾತ್ರಿಯೇ ಇಲ್ಲ.

ರಕ್ತಪಿಶಾಚಿ ಕೌಂಟ್ ಓರ್ಲಾಕ್ ಹಡಗಿನಿಂದಿಳಿದು ತನ್ನ ಶವಪೆಟ್ಟಿಗೆಯನ್ನು ತಾನೇ ಕಂಕುಳಲ್ಲಿ ಇರುಕಿಕೊಂಡು ಊರೊಳಗೆ ಬರುವ ದೃಶ್ಯವನ್ನು ನೋಡಿ. ಕಪ್ಪು-ಬಿಳುಪು ಪ್ರತಿಯಲ್ಲಿ ಅವನು ಹಾಡಹಗಲಲ್ಲಿ ನಡೆದು ಬರುತ್ತಾನೆ. ಗೋಡೆಯ ಇಟ್ಟಿಗೆ ಎಣಿಸುವಷ್ಟು ಬೆಳಕು. ಊರಿಗೆ ಊರೇ ಮಲಗಿದೆ ಎಂದು ಕಥೆ ಹೇಳುತ್ತಿದ್ದರೆ ಪರದೆಯ ಮೇಲೆ ಮಟಮಟ ಮಧ್ಯಾಹ್ನ. ನೋಡುವವರಿಗೆ ಇದು ನಿರ್ದೇಶಕನ ಕೈಲಾಗದತನ ಎನಿಸಿಬಿಡುತ್ತದೆ. ಮುರ್ನೌಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಆ ಕಾಲದ ಫಿಲ್ಮಿನಲ್ಲಿ ಬಯಲಿನ ರಾತ್ರಿಯನ್ನು ರಾತ್ರಿಯಲ್ಲೇ ಸೆರೆಹಿಡಿಯುವುದು ಬಹಳ ಕಷ್ಟವಾಗಿತ್ತು. ಹಗಲಲ್ಲಿ ಚಿತ್ರೀಕರಿಸಿ, ಪ್ರದರ್ಶನದ ಪ್ರತಿಯಲ್ಲಿ ಆ ತುಂಡನ್ನು ನೀಲಿ ಬಣ್ಣದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. ಒಳಾಂಗಣಕ್ಕೆ ಹಳದಿ, ಬೆಳಗಿನ ಜಾವಕ್ಕೆ ಗುಲಾಬಿ, ಹೀಗೆ ಬೇರೆ ಬೇರೆ ಅದ್ದಿ ಕೊನೆಗೆ ತುಂಡುಗಳನ್ನು ಜೋಡಿಸುತ್ತಿದ್ದರು. 1922ರ ಪ್ರೇಕ್ಷಕರು ನೀಲಿ ಕಂಡೊಡನೆ ಇರುಳು ಎಂದು ಓದಿಕೊಳ್ಳುತ್ತಿದ್ದರು. ಬಣ್ಣವಿದ್ದದ್ದು ಪ್ರತಿಯ ಮೇಲೆ. ಅದನ್ನು ಸಾದಾ ಕಪ್ಪು-ಬಿಳುಪು ಫಿಲ್ಮಿಗೆ ನಕಲಿಸಿದ ಕ್ಷಣವೇ ರಾತ್ರಿ ಅಳಿಸಿಹೋಯಿತು.

ಬೇರೆ ಚಿತ್ರವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಇಲ್ಲಿ ಕಥೆಯ ಜೀವವೇ ಹಗಲು-ಇರುಳಿನ ವ್ಯತ್ಯಾಸದಲ್ಲಿದೆ. ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಲಂಡನ್ನಿನಲ್ಲಿ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೇ. ಸೂರ್ಯನ ಬೆಳಕೇ ರಕ್ತಪಿಶಾಚಿಯನ್ನು ಕೊಲ್ಲುತ್ತದೆ ಎಂಬುದನ್ನು ತೆರೆಗೆ ತಂದದ್ದು ಈ ಚಿತ್ರ. ಮುಂದೆ ನೂರು ವರ್ಷ ಭಯಾನಕ ಚಿತ್ರಗಳೆಲ್ಲ ಉಂಡದ್ದು ಇದೇ ಅನ್ನವನ್ನು. ನಾಯಕಿ ಎಲೆನ್ ತನ್ನ ಪ್ರಾಣವನ್ನೇ ಒಡ್ಡಿ ಅವನನ್ನು ಕೋಳಿ ಕೂಗುವ ತನಕ ಹಿಡಿದಿಡುತ್ತಾಳೆ. ಪುನರುದ್ಧಾರದ ಪ್ರತಿಯಲ್ಲಿ ಅಲ್ಲಿಯವರೆಗಿನ ನೀಲಿ ಸರಿದು ಗುಲಾಬಿ ಆವರಿಸುತ್ತದೆ, ಕಿಟಕಿಯ ಬಳಿ ಓರ್ಲಾಕ್ ಕೈಯೆತ್ತಿ ಕರಗಿಹೋಗುತ್ತಾನೆ. ಅಗ್ಗದ ಪ್ರತಿಯಲ್ಲೋ, ಇಡೀ ಊರನ್ನು ಬಿಸಿಲಲ್ಲೇ ಸುತ್ತಿದವನು ಕೊನೆಯಲ್ಲಿ ಇನ್ನಷ್ಟು ಬಿಸಿಲಿಗೆ ಸಾಯುತ್ತಾನೆ. ನನ್ನ ಜೊತೆ ಕೂತು ನೋಡಿದ ತಂಗಿ ‘ಇಷ್ಟು ಹೊತ್ತು ಏನೂ ಆಗಲಿಲ್ಲವಲ್ಲ ಅಣ್ಣ’ ಎಂದಾಗ ಉತ್ತರ ಕೊಡಲು ಚಿತ್ರ ನಿಲ್ಲಿಸಬೇಕಾಯಿತು.

ಬೆರ್ರಿಯಾತುವಾ ಅವರ ಕೆಲಸಕ್ಕೆ ಆಧಾರ ಪ್ಯಾರಿಸಿನ ಸಿನಿಮಾತೆಕ್ ಫ್ರಾಂಸೇಸ್ ಎಂಬ ಚಿತ್ರಸಂಗ್ರಹಾಲಯದಲ್ಲಿ ಉಳಿದಿದ್ದ, ಅದೇ ಕಾಲದ ಬಣ್ಣ ಹಾಯಿಸಿದ ಪ್ರತಿ. ಛಾಯೆಗಳನ್ನು ಊಹಿಸಿ ಬಳಿದದ್ದಲ್ಲ, ಕಂಡು ಮರಳಿಸಿದ್ದು. ಚಿತ್ರದ ಸ್ಪಷ್ಟತೆಯೂ ಅದರಿಂದಲೇ. ಓರ್ಲಾಕ್‌ನ ಕೈಯ ನೆರಳು ಎಲೆನ್‌ಳ ಬಿಳಿ ನಿಲುವಂಗಿಯ ಮೇಲೆ ಹರಿದು ಎದೆಯ ಬಳಿ ಮುಷ್ಟಿ ಬಿಗಿಯುವಾಗ ಬೆರಳು ಬೆರಳೂ ಬೇರೆಯಾಗಿ ಕಾಣುತ್ತವೆ, ಬಟ್ಟೆಯ ಮಡಿಕೆಯೂ ಕಾಣುತ್ತದೆ. ಡಿವಿಡಿಯಲ್ಲಿ ನಿಲುವಂಗಿ ಒಂದು ಬಿಳಿ ತೇಪೆ, ಅದರ ಮೇಲೆ ಒಂದು ಬೂದು ಕಲೆ.

ಎರಡನೆಯದು ವೇಗ. ಪುನರುದ್ಧಾರದ ಪ್ರತಿ ಸೆಕೆಂಡಿಗೆ 18 ಚೌಕಟ್ಟುಗಳಂತೆ 94 ನಿಮಿಷ ಓಡುತ್ತದೆ. ಅದೇ ಫಿಲ್ಮನ್ನು ಟಾಕಿ ಚಿತ್ರಗಳ 24 ಚೌಕಟ್ಟಿನ ವೇಗದಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿಯುತ್ತದೆ. ಪುಕ್ಕಟೆ ಪ್ರತಿಯಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ನಡೆಯುವುದಕ್ಕೆ ಇದೇ ಕಾರಣ. ಎಲೆನ್‌ಳ ಗಂಡ ಹುಟ್ಟರ್‌ನನ್ನು ಓರ್ಲಾಕ್‌ನ ಕೋಟೆಗೆ ಒಯ್ಯುವ ಕುದುರೆಗಾಡಿಯನ್ನು ಮುರ್ನೌ ಬೇಕೆಂದೇ ಅಸಹಜ ವೇಗದಲ್ಲಿ ಓಡಿಸಿದ್ದಾರೆ, ಒಂದು ಕಡೆ ನೆಗೆಟಿವ್ ಚಿತ್ರವನ್ನೇ ಬಳಸಿ ಕಾಡಿನ ಮರಗಳನ್ನು ಬೆಳ್ಳಗಾಗಿಸಿದ್ದಾರೆ. ಹುಟ್ಟರ್ ಈ ಲೋಕ ದಾಟಿದ ಎಂದು ಮೈ ಜುಮ್ಮೆನ್ನಬೇಕಾದ ಜಾಗ ಅದು. ಎಲ್ಲರೂ ಓಡುತ್ತಿರುವ ಪ್ರತಿಯಲ್ಲಿ ಗಾಡಿಯೊಂದು ಓಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಡುನಡುವೆ ಬರುವ ಬರಹದ ಫಲಕಗಳ ವಿಷಯದಲ್ಲೂ ಡಿವಿಡಿ ಸೋಲುತ್ತದೆ. ಅದರಲ್ಲಿ ಓರ್ಲಾಕ್ ಹೋಗಿ ಡ್ರಾಕುಲಾ, ಹುಟ್ಟರ್ ಹೋಗಿ ಹಾರ್ಕರ್, ವಿಸ್ಬೋರ್ಗ್ ಊರು ಬ್ರೆಮೆನ್.

ಸಂಗೀತ: ಹಾನ್ಸ್ ಎರ್ಡ್‌ಮನ್ ಅವರ ಮೂಲ ಸಂಗೀತದ ಬಹುಭಾಗ ಕಳೆದುಹೋಗಿದೆ. ಉಳಿದ ರಚನೆಗಳಿಂದ ಬರ್ನ್ಟ್ ಹೆಲ್ಲರ್ ಮರುಜೋಡಿಸಿದ ವಾದ್ಯವೃಂದ ಬ್ಲೂ-ರೇಯಲ್ಲಿದೆ. ಅದು ಎಲ್ಲೂ ಬೆಚ್ಚಿಬೀಳಿಸಲು ಹೋಗುವುದಿಲ್ಲ, ಮನೆಯವರು ಮಲಗಿದ ಮೇಲೆ ಸಣ್ಣ ದನಿಯಲ್ಲಿ ನೋಡುವ ನನಗೆ ಹೇಳಿ ಮಾಡಿಸಿದಂತಿದೆ. ಡಿವಿಡಿಯಲ್ಲಿ ದೃಶ್ಯಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಆರ್ಗನ್ ನುಡಿಯುತ್ತಲೇ ಇರುತ್ತದೆ. ಪುಕ್ಕಟೆ ಪ್ರತಿಗೆ ದನಿಯೇ ಇರಲಿಲ್ಲ. ಡಿವಿಡಿಗಿಂತ ಅದೇ ಮೇಲು.

ಕೊಳ್ಳುವ ಮುಂಚೆ ಗಮನಿಸಬೇಕಾದದ್ದು ವಲಯದ ಬೀಗ. ಬ್ಲೂ-ರೇ ಲೆಕ್ಕದಲ್ಲಿ ಭಾರತ ‘ಸಿ’ ವಲಯ, ಅಮೆರಿಕ ‘ಎ’, ಬ್ರಿಟನ್ ‘ಬಿ’. ಬೀಗವಿರುವ ಹೊರದೇಶದ ಡಿಸ್ಕು ನಮ್ಮ ಸಾಮಾನ್ಯ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ನನ್ನಲ್ಲಿ ಎಲ್ಲ ವಲಯಕ್ಕೂ ಒಗ್ಗುವ ಪ್ಲೇಯರ್ ಇದ್ದುದರಿಂದ ತೊಂದರೆಯಾಗಲಿಲ್ಲ. ಸಾಗಣೆ, ಸುಂಕ ಸೇರಿ ಮೂರು ಸಾವಿರದ ಆಸುಪಾಸು ಬಿತ್ತು. ಹೊಸ ಚಿತ್ರಗಳನ್ನು ಟಾಕೀಸಿಗೆ ಹೋಗಿ ನೋಡದ, ಹಳೆಯದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುವ ನನ್ನಂಥವರಿಗೆ ಇದು ದುಬಾರಿಯಲ್ಲ. ಒಮ್ಮೆ ನೋಡಿದರೆ ಸಾಕು ಎನ್ನುವವರು ಹಣ ಹಾಕಬೇಡಿ. ಆದರೆ ಪುಕ್ಕಟೆ ನೋಡುವುದಾದರೂ ಬಣ್ಣದ ಛಾಯೆಯಿರುವ, ಒಂದೂವರೆ ಗಂಟೆ ಮೀರಿದ ಪ್ರತಿಯನ್ನೇ ಹುಡುಕಿ. ಅಗ್ಗದ ಡಿವಿಡಿಯನ್ನು ಮಾತ್ರ ಯಾರೂ ಮುಟ್ಟಬೇಡಿ.

ಯಾವ ಪ್ರತಿಯಾದರೂ ಸರಿ, ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಅದು ಚಾಲೂ ಇದ್ದರೆ ಚೌಕಟ್ಟುಗಳ ನಡುವೆ ಟಿವಿ ತನ್ನದೇ ಚಿತ್ರಗಳನ್ನು ತುರುಕುತ್ತದೆ, ಹಡಗಿನ ಒಡಲಲ್ಲಿ ಶವಪೆಟ್ಟಿಗೆಯಿಂದ ಕೋಲಿನಂತೆ ಸೆಟೆದು ಮೇಲೇಳುವ ಓರ್ಲಾಕ್ ಎಣ್ಣೆ ಹಚ್ಚಿದಂತೆ ಜಾರುತ್ತಾನೆ.