ಹೊಲದಲ್ಲಿ ತೊಗರಿ, ದಾಖಲೆಯಲ್ಲಿ ಹೆಸರುಕಾಳು: ಬೆಳೆ ವಿಮೆ ಹೀಗೂ ಕೈತಪ್ಪುತ್ತದೆ

ಕಲಬುರಗಿ ಸೀಮೆಯ ರೈತರೊಬ್ಬರದು 4 ಎಕರೆ 20 ಗುಂಟೆ ಜಮೀನು. ಜುಲೈನಲ್ಲಿ ತೊಗರಿಗೆ ವಿಮೆ ಕಂತು ಕಟ್ಟಿದ್ದಾರೆ, ರಸೀದಿ ಇದೆ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿಯಿತು, ಮೇಲೆ ನೆಟೆ ರೋಗ. ಇಡೀ ಪಂಚಾಯಿತಿಯಲ್ಲಿ ಇಳುವರಿ ಬಿದ್ದುಹೋಯಿತು. ಅಕ್ಕಪಕ್ಕದ ಹೊಲದವರ ಖಾತೆಗೆ ವಿಮೆ ದುಡ್ಡು ಬಂತು, ಇವರಿಗೆ ಬರಲಿಲ್ಲ. ಕೇಳಿದರೆ ಸಿಕ್ಕಿದ್ದು ಒಂದೇ ಸಾಲಿನ ಉತ್ತರ: ‘ಬೆಳೆ ತಾಳೆಯಾಗಿಲ್ಲ.’ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನ ಮುಂದೆ ಇದ್ದದ್ದು ಹೆಸರು ಬೆಳೆ.

ದಾಖಲೆ ಪೂರ್ತಿ ಸುಳ್ಳೂ ಅಲ್ಲ ಎನ್ನುವುದೇ ಇಲ್ಲಿನ ಫಜೀತಿ. ಫೋಟೊ ಆಗಸ್ಟ್ ಮೊದಲ ವಾರದ್ದು, ಬದುವಿನ ಮೇಲೆ ನಿಂತು ತೆಗೆದದ್ದು. ನಾಲ್ಕು ಸಾಲು ಹೆಸರು, ನಡುವೆ ಎರಡು ಸಾಲು ತೊಗರಿ. ಹೆಸರು 65–70 ದಿನದ ಬೆಳೆ, ಆ ಹೊತ್ತಿಗೆ ಕಾಯಿ ಕಟ್ಟಿ ನೆಲ ಮುಚ್ಚಿರುತ್ತದೆ. ತೊಗರಿ ಐದಾರು ತಿಂಗಳಿನದು, ಇನ್ನೂ ಎಳೆ ಗಿಡ, ದೂರದಿಂದ ಕಣ್ಣಿಗೆ ಬೀಳುವುದೇ ಕಷ್ಟ. ಆಗಸ್ಟಿನಲ್ಲಿ ಬದುವಿನ ಮೇಲೆ ನಿಂತವರಿಗೆ ಅದು ಹೆಸರಿನ ಹೊಲ. ದೀಪಾವಳಿಗೆ ಬಂದವರಿಗೆ ಅಲ್ಲಿ ಹೆಸರಿನ ಗುರುತೂ ಸಿಗದು. ಸಮೀಕ್ಷೆಗೆ ಬಂದ ಹುಡುಗನಿಗೆ ಪ್ಲಾಟಿನ ಲೆಕ್ಕದಲ್ಲಿ ಸಂಭಾವನೆ. ದಿನಕ್ಕೆ ಎಷ್ಟು ಹೊಲ ಮುಗಿಯಿತು ಎಂಬುದು ಅವನ ಲೆಕ್ಕ, ಸಾಲಿನ ನಡುವೆ ಇಳಿದು ನೋಡುವ ಪುರಸೊತ್ತು ಅವನಿಗಿಲ್ಲ. ‘ಮಿಶ್ರ ಬೆಳೆ’ ಎಂದು ಆರಿಸಿದರೆ ಎರಡೆರಡು ಬಾರಿ ವಿವರ ತುಂಬಬೇಕು. ‘ಒಂದೇ ಬೆಳೆ, ಹೆಸರು’ ಎಂದು ಒತ್ತಿದರೆ ಮುಗಿಯಿತು.

ಮೊದಲು ಈ ತಪ್ಪು ಇಷ್ಟು ದುಬಾರಿಯಾಗಿರಲಿಲ್ಲ. ಪಹಣಿಯಲ್ಲಿ ಶಾನುಭೋಗರ ಕಾಲದ ಬೆಳೆಯೇ ಉಳಿದುಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕರ್ನಾಟಕದಲ್ಲಿ 2017ರಿಂದ ಸಮೀಕ್ಷೆ ಮೊಬೈಲ್ ಆ್ಯಪ್‌ಗೆ ಬಂತು, 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆ ದಾಖಲಿಸುವ ಆ್ಯಪ್ ಬಂತು. ಈಗ ಬೆಳೆ ವಿಮೆ, ಅತಿವೃಷ್ಟಿ ಮತ್ತು ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ ನೋಂದಣಿ, ಮೂರೂ ನೋಡುವುದು ಈ ಒಂದೇ ದಾಖಲೆಯನ್ನು. ಜೊತೆಗೆ ಎಫ್‌ಐಡಿ, ಅಂದರೆ ರೈತರ ವಿವರ ಇರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶ ಕೊಡುವ ಗುರುತಿನ ಸಂಖ್ಯೆ. ಅರ್ಜಿ ಹಾಕಿದ ಮಾತ್ರಕ್ಕೆ ದುಡ್ಡು ಬರುತ್ತಿದ್ದ ಕಾಲ ಹೋಯಿತು. ಪಹಣಿ, ಎಫ್‌ಐಡಿ, ಸಮೀಕ್ಷೆ, ವಿಮೆ ಅರ್ಜಿ, ಆಧಾರ್ ಐದೂ ಒಂದೇ ಮಾತು ಹೇಳಬೇಕು. ಒಂದು ತಪ್ಪಿದರೂ ಕಂಪ್ಯೂಟರ್ ಸುಮ್ಮನೆ ಪಕ್ಕಕ್ಕಿಡುತ್ತದೆ, ಮನೆಗೆ ಬಂದು ಹೇಳುವುದಿಲ್ಲ.

ಮೊದಲು ಎಫ್‌ಐಡಿ ನೋಡಿ. ‘ನನ್ನ ಹತ್ತಿರ ಇದೆ’ ಅಂದರೆ ಸಾಲದು, ಅದರೊಳಗೆ ಯಾವ ಯಾವ ಸರ್ವೆ ನಂಬರ್, ಎಷ್ಟು ಎಕರೆ ಇದೆ ಎಂಬುದು ಮುಖ್ಯ. ಪಿಎಂ ಕಿಸಾನ್ ನೋಂದಣಿ ವೇಳೆ ಕೈಗೆ ಸಿಕ್ಕ ಒಂದು ಪಹಣಿ ಕೊಟ್ಟು ಬಂದವರು ಬಹಳ ಮಂದಿ. ಆ ಯೋಜನೆಯಲ್ಲಿ ಒಂದು ಗುಂಟೆ ಇದ್ದರೂ ವರ್ಷಕ್ಕೆ ₹6,000 ಬರುತ್ತದೆ, ಹಾಗಾಗಿ ಉಳಿದ ನಂಬರ್ ಸೇರಿಲ್ಲ ಎಂಬುದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಪರಿಹಾರದ ವರ್ಷ. ವಿಪತ್ತು ಪರಿಹಾರ ನಿಧಿಯ 2022–26ರ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500. ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಮಿತಿ 2 ಹೆಕ್ಟೇರ್. 4 ಎಕರೆ 20 ಗುಂಟೆ ಅಂದರೆ 1.82 ಹೆಕ್ಟೇರ್, ಮಳೆಯಾಶ್ರಿತಕ್ಕೆ ಸುಮಾರು ₹15,480. ಎಫ್‌ಐಡಿಯಲ್ಲಿ 1 ಎಕರೆ 20 ಗುಂಟೆಯಷ್ಟೇ ಸೇರಿದ್ದರೆ ಬರುವುದು ₹5,160. 2025ರ ಅತಿವೃಷ್ಟಿಯಲ್ಲಿ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರ್‌ಗೆ ಇನ್ನೂ ₹8,500 ಸೇರಿಸಿತು. ಅಂಥ ವರ್ಷದಲ್ಲಿ ಅದೇ ಒಂದು ಬಿಟ್ಟುಹೋದ ಪಹಣಿಯ ಬೆಲೆ ₹20,000 ದಾಟುತ್ತದೆ.

ಸೇರಿಸುವುದು ಕಷ್ಟದ ಕೆಲಸವಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ನಿಮ್ಮ ಹೆಸರಿನ ಎಲ್ಲ ಪಹಣಿ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಬೇರೆ ಹೋಬಳಿಯಲ್ಲೋ ಬೇರೆ ತಾಲ್ಲೂಕಿನಲ್ಲೋ ಜಮೀನಿದ್ದರೂ ಅದೇ ಎಫ್‌ಐಡಿಗೆ ಸೇರುತ್ತದೆ, ಎರಡನೆಯದು ಮಾಡಿಸಬೇಡಿ.

ಮೂರು ಕಡೆ ಕೈಕೊಡುತ್ತದೆ. ಒಂದು, ಪೋಡಿ ಆದಮೇಲೆ, ಅಂದರೆ ಜಮೀನು ಅಳೆದು ಬೇರೆ ಬೇರೆ ನಂಬರ್ ಮಾಡಿದ ಮೇಲೆ. 45/2 ಇದ್ದದ್ದು 45/2ಎ, 45/2ಬಿ ಎಂದು ಒಡೆದರೆ ಎಫ್‌ಐಡಿಯಲ್ಲಿ ಹಳೆಯ ನಂಬರೇ ಕೂತಿರುತ್ತದೆ. ಸರ್ಕಾರ ಮಂಜೂರು ಮಾಡಿದ ಜಮೀನಿನ ದರ್ಖಾಸ್ತು ಪೋಡಿ ಅಭಿಯಾನದಲ್ಲಿ ನಂಬರ್ ಬದಲಾದವರು ಇದನ್ನು ಈಗಲೇ ನೋಡಿಕೊಳ್ಳಿ. ಎರಡು, ಜಂಟಿ ಖಾತೆ. ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದು ಯಾರಿಗೆ ಎಷ್ಟು ಎಂದು ಪಹಣಿಯಲ್ಲಿ ಬಿಡಿಸಿಲ್ಲದಿದ್ದರೆ, ಮೊದಲು ಹೋಗಿ ನೋಂದಾಯಿಸಿದವರಿಗೆ ಪೂರ್ತಿ ವಿಸ್ತೀರ್ಣ ಬಿದ್ದು ಉಳಿದವರಿಗೆ ಏನೂ ಉಳಿಯದ ಪ್ರಸಂಗಗಳಿವೆ. ಮೂರು, ತೀರಿಕೊಂಡ ಅಪ್ಪನದೋ ಅಜ್ಜನದೋ ಹೆಸರಿನ ಪಹಣಿ. ಇದಕ್ಕೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಬಿಟ್ಟು ಬೇರೆ ದಾರಿಯಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿಕೊಂಡು ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ. ಬಿತ್ತನೆ ಶುರುವಾದ ಮೇಲೆ ಓಡಾಡಿದರೆ ಆ ಹಂಗಾಮಿಗೆ ಆಗುವ ಕೆಲಸವಲ್ಲ.

ಇನ್ನು ವಿಮೆ ಅರ್ಜಿ. ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ಮುಂಗಾರಿನಲ್ಲಿ ರೈತರ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿನಲ್ಲಿ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಕಂಪ್ಯೂಟರ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿದರೆ ಯಾಕೆ ಎಂದು ಕೇಳಿ. ರಸೀದಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ: ಸರ್ವೆ ನಂಬರ್ ಹಿಸ್ಸಾ (ಉಪ ಸಂಖ್ಯೆ) ಸಮೇತ, ಬೆಳೆ, ಅದರ ಮುಂದೆ ‘ನೀರಾವರಿ’ಯೋ ‘ಮಳೆಯಾಶ್ರಿತ’ವೋ, ಗ್ರಾಮ ಪಂಚಾಯಿತಿ. ಪಂಚಾಯಿತಿ ಅಂದರೆ ಮನೆ ಇರುವುದಲ್ಲ, ಹೊಲ ಇರುವುದು. ನಷ್ಟ ಲೆಕ್ಕ ಹಾಕುವುದು ವಿಮಾ ಘಟಕದ ಸರಾಸರಿ ಇಳುವರಿಯ ಮೇಲೆ. ಮುಖ್ಯ ಬೆಳೆಗಳಿಗೆ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ.

ಬ್ಯಾಂಕಿನಲ್ಲಿ ಬೆಳೆಸಾಲ ಇರುವವರಿಗೆ ಇನ್ನೊಂದು ಗುಂಡಿ ಇದೆ. ಸಾಲ ತೆಗೆಯುವಾಗ ಬರೆಸಿದ ಬೆಳೆಗೇ ಪ್ರತಿ ವರ್ಷ ಕಂತು ಕಡಿತವಾಗುತ್ತ ಹೋಗುತ್ತದೆ. ಮೂರು ವರ್ಷದ ಹಿಂದೆ ಸೋಯಾ ಎಂದಿತ್ತು, ಈಗ ಹೊಲದಲ್ಲಿ ತೊಗರಿ. ತಾಳೆ ಹೇಗಾದೀತು? 2020ರ ಮುಂಗಾರಿನಿಂದ ಸಾಲಗಾರರಿಗೂ ವಿಮೆ ಐಚ್ಛಿಕ. ಬೇಡವೆಂದರೆ ಕೊನೆಯ ದಿನಕ್ಕೆ 7 ದಿನ ಮುಂಚೆ ಲಿಖಿತವಾಗಿ ಕೊಡಬೇಕು. ಬೇಕು, ಆದರೆ ಬೆಳೆ ಬದಲಾಗಿದೆ ಎಂದರೆ 2 ದಿನ ಮುಂಚೆಯಾದರೂ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಸಮೀಕ್ಷೆಯನ್ನು ಆದಷ್ಟು ನೀವೇ ಮಾಡಿ, ಅಥವಾ ಸಮೀಕ್ಷೆಯ ಹುಡುಗ ಬಂದ ದಿನ ಹೊಲದಲ್ಲಿರಿ. ಹೊಲದ ಒಳಗೆ ನಿಂತು, ಜಿಪಿಎಸ್ ಗಡಿಯೊಳಗೆ ತೋರಿಸಿದ ಮೇಲೆ ಫೋಟೊ ತೆಗೆಯಿರಿ. ಅಕ್ಕಡಿ ಸಾಲು (ನಡುನಡುವೆ ಬೇರೆ ಬೆಳೆ) ಇದ್ದರೆ ‘ಮಿಶ್ರ ಬೆಳೆ’ ಎಂದೇ ಹಾಕಿ, ಎರಡರದೂ ವಿಸ್ತೀರ್ಣ ಬಿಡಿಸಿ ಬರೆಯಿರಿ. ವಿಮೆ ನಾಲ್ಕು ಎಕರೆ ತೊಗರಿಗೆ, ಸಮೀಕ್ಷೆಯಲ್ಲಿ ತೊಗರಿ ಒಂದೂವರೆ ಎಕರೆ ಎಂದಾದರೆ ಅಲ್ಲೂ ತಕರಾರು ಏಳುತ್ತದೆ. ಆದ್ದರಿಂದ ವಿಮೆ ಮಾಡಿಸುವಾಗಲೇ ಸಾಲಿನ ಲೆಕ್ಕಕ್ಕೆ ಸರಿಯಾಗಿ ವಿಸ್ತೀರ್ಣ ಹಾಕಿಸುವುದು ಮೇಲು. ಫೋಟೊಗೆ ತೊಗರಿ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತೆಗೆದರೆ ಎಲೆ ಸ್ಪಷ್ಟ ಕಾಣುತ್ತದೆ. ಬದುವಿನಿಂದ ತೆಗೆದರೆ ಬರೀ ಹಸಿರು.

ಆಮೇಲೆ ‘ಬೆಳೆ ದರ್ಶಕ’ ಆ್ಯಪ್. ವರ್ಷ, ಹಂಗಾಮು, ಊರು, ಸರ್ವೆ ನಂಬರ್ ಕೊಟ್ಟರೆ ಏನು ದಾಖಲಾಗಿದೆ, ಯಾವ ಫೋಟೊ ಹಾಕಿದ್ದಾರೆ ಎಲ್ಲ ಕಾಣುತ್ತದೆ. ತಪ್ಪಿದ್ದರೆ ಅಲ್ಲಿಂದಲೇ ಆಕ್ಷೇಪಣೆ ಹಾಕಬಹುದು. ಬೆಳೆ ನಿಂತಿರುವಾಗಲೇ ಹಾಕಿ. ರಾಶಿ ಮಾಡಿದ ಮೇಲೆ ಬಂದು ನೋಡುವವರಿಗೆ ತೋರಿಸಲು ಕೂಳೆ ಬಿಟ್ಟು ಏನಿರುತ್ತದೆ?

ಈ ಅವಕಾಶವೂ ತಪ್ಪಿತೆನ್ನಿ. ತಾಳೆಯಾಗದ ಅರ್ಜಿಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಅಂಟಿಸುತ್ತಾರೆ. ಆಕ್ಷೇಪಣೆಗೆ ಕೆಲವೇ ದಿನದ ಗಡುವು. ಆಗ ಕೆಲಸಕ್ಕೆ ಬರುವ ಕಾಗದ ಮೂರು: ಆ ವರ್ಷದ ಪಹಣಿಯಲ್ಲಿ ವಿಮೆ ಮಾಡಿಸಿದ ಬೆಳೆಯೇ ನಮೂದಾಗಿದ್ದರೆ ಆ ಪಹಣಿ, ಬೆಂಬಲ ಬೆಲೆ ಕೇಂದ್ರಕ್ಕೆ ಮಾಲು ಕೊಟ್ಟ ರಸೀದಿ, ಎಪಿಎಂಸಿಯಲ್ಲಿ ಮಾರಿದ ರಸೀದಿ. ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಚೀಟಿಯಿಲ್ಲದೆ ತೂಗಿಕೊಟ್ಟವರ ಕೈ ಇಲ್ಲಿ ಖಾಲಿ. ಕಲಬುರಗಿಯ ಆ ರೈತರು ಸಿಕ್ಕಿಬಿದ್ದದ್ದೂ ಇಲ್ಲೇ. ಬೆಳೆದದ್ದು ತೊಗರಿ, ಮಾರಿದ್ದು ತೊಗರಿ, ತೋರಿಸಲು ಒಂದು ಚೀಟಿಯಿಲ್ಲ. ಪಟ್ಟಿ ಅಂಟಿಸಿದ್ದೂ ಗಡುವು ಮುಗಿದ ಮೇಲೆ ತಿಳಿದದ್ದು.

ಆಲಿಕಲ್ಲು, ಮೇಘಸ್ಫೋಟ, ಭೂಕುಸಿತ, ಸಿಡಿಲಿನ ಬೆಂಕಿಯಂಥ ನಷ್ಟ ಬೇರೆ ಲೆಕ್ಕ. ಅದು ಪಂಚಾಯಿತಿ ಸರಾಸರಿಯಲ್ಲ, ನಿಮ್ಮ ಹೊಲದ್ದೇ ಪರಿಶೀಲನೆ. ಆದರೆ 72 ಗಂಟೆಯೊಳಗೆ 14447ಕ್ಕೆ ಅಥವಾ ಬೆಳೆ ವಿಮೆ ಆ್ಯಪ್‌ನಲ್ಲಿ ತಿಳಿಸಿರಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೆ 14 ದಿನದವರೆಗೂ ರಕ್ಷಣೆ ಇದೆ, ಅದಕ್ಕೂ ಇದೇ 72 ಗಂಟೆ. ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಭತ್ತದ ಗದ್ದೆ ಮುಳುಗಡೆಯನ್ನು 2018ರಲ್ಲಿ ಈ ಪಟ್ಟಿಯಿಂದ ತೆಗೆದಿದ್ದರು. 2026ರ ಮುಂಗಾರಿನಿಂದ ಮತ್ತೆ ಸೇರಿಸಲು ಕೇಂದ್ರ ಒಪ್ಪಿದೆ, ಕಾಡುಪ್ರಾಣಿ ಹಾವಳಿಯೂ ಹೊಸದಾಗಿ ಸೇರಿದೆ. ಮಲೆನಾಡಿನವರು ಆನೆ, ಹಂದಿ ನುಗ್ಗಿದ ಕೂಡಲೇ ದುಡ್ಡು ಬರುತ್ತದೆಂದು ನಂಬಿ ಕೂರಬೇಡಿ: ಯಾವ ಪ್ರಾಣಿ, ಯಾವ ಪ್ರದೇಶ ಎಂದು ರಾಜ್ಯ ಅಧಿಸೂಚನೆ ಹೊರಡಿಸಬೇಕು, ಸ್ಥಳದ ಗುರುತಿರುವ ಫೋಟೊವನ್ನು 72 ಗಂಟೆಯೊಳಗೆ ಆ್ಯಪ್‌ಗೆ ಹಾಕಬೇಕು. ಗುಡ್ಡದ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ಎಲ್ಲಿ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಎಲ್ಲ ತಾಳೆಯಾಗಿ, ಮಂಜೂರಾಗಿಯೂ ದುಡ್ಡು ಕಾಣೆಯಾಗುವುದುಂಟು. ಸರ್ಕಾರ ನೇರವಾಗಿ ಖಾತೆಗೆ ಹಾಕುವ ಡಿಬಿಟಿ ಹಣ ಹೋಗುವುದು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ಜಾಲ ನೋಡುವ ಎನ್‌ಪಿಸಿಐನಲ್ಲಿ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳುವುದೂ ಇದೂ ಒಂದಲ್ಲ. ಸಿಮ್ ತೆಗೆಯಲು ಮೊಬೈಲ್ ಅಂಗಡಿಗೆ ಹೋದಾಗ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೆ ಪರಿಹಾರ ಹೋಗಿ ಕೂತಿರುವುದು ಅಪರೂಪವೇನಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ ನೋಡಿದರೆ ಈಗ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ತೋರಿಸುತ್ತದೆ. ಬೇರೆ ಬ್ಯಾಂಕಿನ ಹೆಸರು ಬಂದರೆ ಮೊದಲು ಆ ಖಾತೆಯ ಬಾಕಿ ನೋಡಿ, ಹಣ ಅಲ್ಲೇ ಇರಬಹುದು. ಆಮೇಲೆ ನಿಮ್ಮ ಬ್ಯಾಂಕಿಗೆ ಹೋಗಿ ಡಿಬಿಟಿಗಾಗಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ತುಂಬಿಕೊಡಿ. ಒಂದು ವಾರ ಬಿಟ್ಟು ಮತ್ತೆ ಅದೇ ಪುಟ ತೆರೆದು ಬ್ಯಾಂಕಿನ ಹೆಸರು ಬದಲಾಗಿದೆಯೇ ನೋಡಿ.