ಮಲ್ಪೆಯ ಕಡಲಕ್ಕಿಗಳ ಮುಂದೆ ನನ್ನ 8×42 ಬೈನಾಕ್ಯುಲರ್

8×42 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 42 ಮಿಲಿಮೀಟರ್ ಅಗಲ ಇರುವ ಬೈನಾಕ್ಯುಲರ್. ಇದನ್ನು ಕೊಂಡು ಎರಡು ಚಳಿಗಾಲ ಆಯಿತು. ಕೊಟ್ಟಿದ್ದು 11,000 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದಿದೆ.

ಕಾಡಿನಲ್ಲಿ ಬೈನಾಕ್ಯುಲರ್ ಹಿಡಿದು ನೋಡಿ ರಿವ್ಯೂ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಜಾಸ್ತಿ ಬಳಸಿದ್ದು ಮಲ್ಪೆ ಬಂದರಿನಲ್ಲಿ, ಗಲ್‌ಗಳ ಮೇಲೆ, ಅಂದರೆ ಕಡಲಕ್ಕಿಗಳ ಮೇಲೆ. ಬಿಳಿ ಹಕ್ಕಿ, ಬೆಳ್ಳಗಿನ ಆಕಾಶ, ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು. ಲೆನ್ಸಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಾ?

ನವೆಂಬರ್ ಹೊತ್ತಿಗೆ ಬೋಟುಗಳ ಹಿಂದೆ ಹಿಂಡು ಹಿಂಡಾಗಿ ಬರುತ್ತವೆ. ಎರಡು ಜಾತಿ: ಹೆಚ್ಚಿನವು ಕಂದುತಲೆಯವು, ನಡುನಡುವೆ ಕರಿತಲೆಯವು. ಹೆಸರು ನಂಬಿದರೆ ಕೆಟ್ಟಿರಿ. ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ, ಅಷ್ಟೇ. ಚಳಿಗಾಲ ಕಳೆದು ವಾಪಸ್ ಹೊರಡುವ ಮುಂಚೆ, ಮಾರ್ಚ್ ಸುಮಾರಿಗೆ, ತಲೆಗೆ ಟೊಪ್ಪಿ ಹಾಕಿದ ಹಾಗೆ ಗಾಢ ಬಣ್ಣ ಬರುತ್ತದೆ. ಆಗ ನೋಡಿದರೆ ಕರಿತಲೆಯದ್ದೂ ಕಂದೇ! ಹೆಸರಿಟ್ಟವರು ಯಾವ ಬೆಳಕಲ್ಲಿ ನೋಡಿದ್ದರೋ.

ಮೊದಲ ವರ್ಷ ನಾನು ಹಕ್ಕಿಯ ಕಣ್ಣನ್ನು ನಂಬಿದೆ. ಬೆಳೆದ ಕಂದುತಲೆಯದ್ದಕ್ಕೆ ತಿಳಿ ಕಣ್ಣು, ಕರಿತಲೆಯದ್ದಕ್ಕೆ ಗಾಢ ಕಣ್ಣು. ಬೋಟಿನ ಅಂಚಿನಲ್ಲಿ ಕೂತ ಹಕ್ಕಿಯ ಕಣ್ಣನ್ನು ಈ 8 ಪಟ್ಟು ಚೆನ್ನಾಗಿಯೇ ತೋರಿಸುತ್ತದೆ, ಸುತ್ತಲಿನ ಕೆಂಪು ಬಳೆ ಸಮೇತ. ಆದರೆ ಎಳೆಯ ಕಂದುತಲೆಯ ಕಣ್ಣೂ ಗಾಢವೇ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಅರ್ಧಕ್ಕರ್ಧ ಕರಿತಲೆಗಳನ್ನು ಆಮೇಲೆ ಹೊಡೆದುಹಾಕಿದೆ.

ರೆಕ್ಕೆ ಬಿಚ್ಚುವವರೆಗೆ ಕಾಯಬೇಕು. ಕರಿತಲೆಯದ್ದರ ಹೊರರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದಕ್ಕೆ ಬಿಳಿ ಪಟ್ಟೆ, ಕಪ್ಪು ಬಣ್ಣ ಗರಿಗಳ ತುದಿಗೆ ಮಾತ್ರ. ಕಂದುತಲೆಯದ್ದರ ತುದಿ ಅಗಲವಾಗಿ ಕಪ್ಪು, ಅದರೊಳಗೆ ಕಿಟಕಿ ಕೊರೆದ ಹಾಗೆ ಬಿಳಿ ಬೊಟ್ಟುಗಳು. ಎಳೆಯದಕ್ಕೆ ಬೊಟ್ಟು ಇರುವುದಿಲ್ಲ, ಆದರೆ ಆ ಅಗಲದ ಕಪ್ಪು ಇರುತ್ತದೆ. ಕಂದುತಲೆಯದ್ದರ ಕೊಕ್ಕೂ ಸ್ವಲ್ಪ ದಪ್ಪ.

ಲೆನ್ಸ್ ಕೈಕೊಡುವುದು ಸರಿಯಾಗಿ ಇಲ್ಲೇ. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನಿಗಿರುತ್ತಾನೆ, ಆಗ ತೊಂದರೆಯೇ ಇಲ್ಲ. ನಾಲ್ಕು ಗಂಟೆಯ ಮೇಲೆ ಕಡಲ ಕಡೆ ತಿರುಗಿದರೆ ಎದುರು ಬಿಸಿಲಿಗೆ ರೆಕ್ಕೆಯ ಅಂಚಿಗೆಲ್ಲ ನೇರಳೆ ಬಣ್ಣ ಮೆತ್ತಿಕೊಳ್ಳುತ್ತದೆ. ಬೊಟ್ಟು ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಅಂಗಡಿಯವನು ಗೋಡೆಯ ಕ್ಯಾಲೆಂಡರ್ ತೋರಿಸಿ ಮಾರಿದ್ದ. ಕ್ಯಾಲೆಂಡರಿಗೆ ಬಿಸಿಲು ಬೀಳುವುದಿಲ್ಲವಲ್ಲ.

10×42 ತಗೊಳ್ಳಬೇಕಿತ್ತಾ ಅಂತ ಕೇಳುತ್ತಾರೆ. ಗೆಳೆಯನದ್ದು ಹಿಡಿದು ನೋಡಿದೆ. ಬೋಟಿನ ಮೇಲೆ ಹಕ್ಕಿಗಿಂತ ನನ್ನ ಕೈ ಜಾಸ್ತಿ ಹಾರಾಡಿತು. ಕಣ್ಣಿಗೆ ಬರುವ ಬೆಳಕಿನ ವೃತ್ತ ಅದರಲ್ಲಿ 4.2 ಮಿಲಿಮೀಟರ್, ಇದರಲ್ಲಿ 5.25. ಮುಂಜಾನೆಯ ಮಬ್ಬಿನಲ್ಲಿ ಇದೇ ವಾಸಿ. ದೊಡ್ಡ ಗಲ್‌ಗಳ ಬೆನ್ನಿನ ಬೂದು ಬಣ್ಣ ಎಷ್ಟು ಗಾಢ ಅಂತ ದೂರದಿಂದ ಅಳೆಯುವ ಆಸೆ ಇದ್ದರೆ ಎರಡೂ ಸಾಲದು, ಸ್ಟ್ಯಾಂಡ್ ಹಾಕಿ ನೋಡುವ ಸ್ಕೋಪ್ ಬೇಕು.

ಎರಡನೇ ವರ್ಷ ಫೋಕಸ್ ಚಕ್ರ ಕರಕರ ಅನ್ನತೊಡಗಿತು. ಸರ್ವಿಸ್‌ನವರು ಉಪ್ಪುಗಾಳಿ ಹೊಡೆದಿದೆ, ವಾರಂಟಿ ಇಲ್ಲ ಅಂದರು. ಕಡಲ ಹತ್ತಿರ ಬಳಸಬಾರದು ಅಂತ ಡಬ್ಬಿ ಮೇಲೆ ಎಲ್ಲಿದೆ ಸ್ವಾಮಿ ಅಂದೆ. 1,200 ರೂಪಾಯಿ ಬಿಲ್ ಕೊಟ್ಟರು.

ಐದಕ್ಕೆ ಮೂರುವರೆ ಸ್ಟಾರ್. ಕಳೆದ ವಾರದವರೆಗೆ ನಾಲ್ಕು ಇತ್ತು. ಎಡಗಣ್ಣಿನ ರಬ್ಬರ್ ಸಡಿಲವಾಗಿ ನೀರಿಗೆ ಬಿತ್ತು. ಒಂದು ಗಲ್ ಮೀನು ಅಂದುಕೊಂಡು ಎತ್ತಿ, ಹತ್ತು ಮಾರು ಹಾರಿ, ಉಗುಳಿತು. ಕಂದುತಲೆಯದ್ದೇ. ಬೊಟ್ಟು ಬರಿಗಣ್ಣಿಗೇ ಕಂಡಿತು.